ಅಮ್ಮನ ಅಂಗೈ ಉರಿ ಯಾರಿಗೆ ಹೇಳೋದು?

ನಾನಿರೋದು ಇಂಗ್ಲೆಂಡ್‌ನ ಲೀಡ್ಸ್‌ನಲ್ಲಿ, ಅಮ್ಮ ಇರೋದು ತೀರ್ಥಹಳ್ಳಿ ಹತ್ರ. ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆದ್ಮೇಲೆ ಅಮ್ಮಂಗೆ ಕೆಪೆಸಿಟಾಬಿನ್ ಅನ್ನೋ ಕೀಮೋ ಮಾತ್ರೆ ಕೊಟ್ರು, 14 ದಿನ ತಗೊಳ್ಳೋದು 7 ದಿನ ಬಿಡೋದು. ಮಾತ್ರೆ ತಾನೇ, ಕೂದ್ಲೂ ಅಷ್ಟಾಗಿ ಉದುರಲ್ಲ ಅಂತ ನಾವೆಲ್ಲ ನಿರಾಳ ಆಗಿದ್ವಿ. ಎರಡನೇ ಸುತ್ತಿಗೆ ಅಂಗೈ ಅಂಗಾಲು ಕೆಂಪಾಗಿ ಉರಿ, ಆಮೇಲೆ ಸಿಪ್ಪೆ ಏಳೋಕೆ ಶುರು. ಅಮ್ಮ ಯಾರಿಗೂ ಹೇಳ್ಲಿಲ್ಲ, ಉಷ್ಣ ಇರ್ಬೇಕು ಅಂತ ಹರಳೆಣ್ಣೆ ಹಾಕಿ ಗಸಗಸ ತಿಕ್ಕಿದ್ರು, ಮೇಲೆ ದಿನಾ ಸಂಜೆ ಬಚ್ಚಲ ಹಂಡೆಯ ಸುಡೋ ನೀರಿನ ಸ್ನಾನ. ಇದು ಆ ಮಾತ್ರೆಯಿಂದ್ಲೇ ಬರೋ ಉರಿ, ಇದಕ್ಕೆ ತಿಕ್ಕೋದೂ ಆಗಲ್ಲ, ಬಿಸಿನೀರೂ ಆಗಲ್ಲ.

ಅಣ್ಣ ಚರ್ಮದ ಡಾಕ್ಟ್ರ ಹತ್ರ ಕರ್ಕೊಂಡ್ ಹೋದ, ಅವತ್ತೇ ಸಿಕ್ರು (ಇದು ನಮ್ಮ ಕಡೆಯ ದೊಡ್ಡ ಅನುಕೂಲ, ಇಂಗ್ಲೆಂಡಲ್ಲಾದ್ರೆ ಸ್ಪೆಷಲಿಸ್ಟ್ ನೋಡೋಕೆ ತಿಂಗಳುಗಟ್ಲೆ ಕಾಯ್ಬೇಕು). ಆದ್ರೆ ಮಾತ್ರೆ ವಿಷ್ಯ ಅಣ್ಣ ಹೇಳ್ಲಿಲ್ಲ, ಅವ್ರು ಕೇಳ್ಲಿಲ್ಲ, ಫಂಗಸ್ ಅಂತ ಮುಲಾಮು ಬರೆದ್ರು. ಉರಿ ತಡೀಲಾರ್ದೆ ಅಮ್ಮ ತಾವೇ ಮಾತ್ರೆ ಬಿಟ್ರು. ಬೆಂಗಳೂರಿನ ಕ್ಯಾನ್ಸರ್ ಡಾಕ್ಟ್ರಿಗೆ ಗೊತ್ತಾಗಿದ್ದು ಮುಂದಿನ ಸಲ ಹೋದಾಗ, ಯಾಕ್ ಮೊದ್ಲೇ ಹೇಳ್ಲಿಲ್ಲ ಅಂತ ರೇಗಿದ್ರು. ಯಾರಿಗೆ ಹೇಳ್ಬೇಕಿತ್ತು ಸ್ವಾಮಿ?

ಇಲ್ಲಿ ಲೀಡ್ಸ್‌ನಲ್ಲಿ ನಮ್ಮ ಪರಿಚಯದ ಹಿರಿಯರೊಬ್ಬರಿಗೂ ಅದೇ ಮಾತ್ರೆ. ಮೊದಲನೇ ಮಾತ್ರೆ ನುಂಗೋಕೆ ಮುಂಚೇನೇ ನರ್ಸ್ ಅರ್ಧ ಗಂಟೆ ಕೂತು, ಚರ್ಮ ಮೆತ್ತಗಿಡೋ ಯೂರಿಯಾ ಕ್ರೀಮ್ ಹೆಂಗೆ ಹಚ್ಚೋದು, ಬಿಗಿ ಶೂ ಬೇಡ, ಉಗುರುಬೆಚ್ಚಗಿನ ನೀರೇ ಸಾಕು ಅಂತೆಲ್ಲ ಹೇಳಿ, ಹಗಲು ರಾತ್ರಿ ಯಾವಾಗ್ ಬೇಕಾದ್ರೂ ಫೋನ್ ಮಾಡೋ ನಂಬರ್ ಇರೋ ಕಾರ್ಡ್ ಕೊಟ್ರು. ಒಂದು ಶನಿವಾರ ರಾತ್ರಿ ಕಾಲು ಊರೋಕಾಗ್ದೆ ಫೋನ್ ಮಾಡಿದ್ರು. ನಡೆಯೋಕಾಗ್ತಿದ್ಯಾ, ಗುಳ್ಳೆ ಇದ್ಯಾ ಅಂತ ಕೇಳಿ ಅವತ್ತಿನಿಂದ್ಲೇ ಮಾತ್ರೆ ನಿಲ್ಸಿದ್ರು, ವಾಸಿ ಆದ್ಮೇಲೆ ಡೋಸ್ ಇಳಿಸಿ ಮತ್ತೆ ಶುರು. ಅಮ್ಮ ಮಾಡಿದ್ದೂ ಅದೇ ತಾನೇ, ಆದ್ರೆ ಯಾರ ಲೆಕ್ಕಕ್ಕೂ ಬರ್ಲಿಲ್ಲ.

ಅಲ್ಲಿ ಸರ್ಕಾರದ ದುಡ್ಡಿದೆ, 2009ರಿಂದ ಕ್ಯಾನ್ಸರ್ ರೋಗಿಗಳಿಗೆ ಚೀಟಿ ಔಷಧಿ ಫ್ರೀ, ನಮ್ಮಲ್ಲಿ ಎಲ್ಲಾಗುತ್ತೆ ಅಂತಾರೆ ಅಣ್ಣ. ನಂಗೆ ಇದು ದುಡ್ಡಿನ ಮಾತು ಅನ್ಸಲ್ಲ. ಮಂಡಿನೋವಿಗೆ ಮನೆಮನೇಲೂ ಇರೋ ಡೈಕ್ಲೋಫಿನಾಕ್ ಜೆಲ್ ಮೊದಲಿಂದ್ಲೇ ಹಚ್ಚಿದ್ರೆ ಇದೇ ಮಾತ್ರೆಯಿಂದ ಉರಿ ಬರೋದೇ ಕಮ್ಮಿ ಆಗುತ್ತೆ ಅಂತ ತೋರಿಸಿದ್ದು ದೆಹಲಿಯ ಏಮ್ಸ್‌ನವ್ರು, 2024ರಲ್ಲಿ. 264 ಜನರ ಪರೀಕ್ಷೆ, ಔಷಧಿ ಇಲ್ಲದ ಬರೀ ಜೆಲ್ ಹಚ್ಚಿದವ್ರಲ್ಲಿ ನೂರಕ್ಕೆ 15 ಜನಕ್ಕೆ ಜೋರು ಉರಿ ಬಂದ್ರೆ ಔಷಧಿ ಜೆಲ್ ಹಚ್ಚಿದವ್ರಲ್ಲಿ 4ಕ್ಕಿಂತ ಕಮ್ಮಿ. ಬುದ್ಧಿ ನಮ್ಮ ದೇಶದ್ದೇ, ಅದನ್ನ ತೀರ್ಥಹಳ್ಳಿವರೆಗೆ ತಂದು ಹೇಳೋ ಒಬ್ಬ ನರ್ಸ್ ಇಲ್ಲ ಅಷ್ಟೇ. (ಡಾಕ್ಟ್ರನ್ನ ಕೇಳ್ದೆ ಹಚ್ಬೇಡಿ ಮತ್ತೆ.)

ಇನ್ನೊಂದು, ಸಿಪ್ಪೆ ಎದ್ದು ಹೆಬ್ಬೆಟ್ಟಿನ ಗೆರೆ ಅಳಿಸ್ಹೋಗಿ ರೇಷನ್ ಅಂಗಡಿ ಮಷೀನು ಅಮ್ಮನ್ನ ಅಮ್ಮ ಅಂತ್ಲೇ ಒಪ್ಲಿಲ್ಲ! ಇದೇ ಕಾರಣಕ್ಕೆ ಸಿಂಗಾಪುರದ ರೋಗಿಯೊಬ್ಬರನ್ನ ಅಮೆರಿಕಾ ಏರ್‌ಪೋರ್ಟಲ್ಲಿ ನಾಕು ತಾಸು ಕೂರಿಸಿದ್ರಂತೆ, 2009ರಲ್ಲಿ ವೈದ್ಯರ ಪತ್ರಿಕೇಲೇ ಬಂದಿತ್ತು.

ಈಗ ಅತ್ತಿಗೆ ಬೆಂಗಳೂರಿನ ಆಸ್ಪತ್ರೆ ನರ್ಸ್ ಒಬ್ರ ನಂಬರ್ ಕಾಡಿ ಬೇಡಿ ಇಸ್ಕೊಂಡಿದಾರೆ, ಪ್ರತಿ ಸುತ್ತಲ್ಲೂ ಹತ್ತನೇ ದಿನ ಅಂಗೈ ಅಂಗಾಲಿನ ಫೋಟೋ ವಾಟ್ಸಾಪಲ್ಲಿ ಕಳಿಸ್ತಾರೆ. ಹಂಡೆ ನೀರು ಬಿಡೋಕೆ ಮಾತ್ರ ಅಮ್ಮ ಇನ್ನೂ ಒಪ್ಪಿಲ್ಲ.