ಕಂಪಾಲದ ತಟ್ಟೆಯಲ್ಲಿ ದಂಟಿನ ಸೊಪ್ಪು

ಉಗಾಂಡಕ್ಕೆ ಬಂದು ಕೆಲವು ತಿಂಗಳಾಗಿತ್ತು. ಪಕ್ಕದ ಮನೆಯ ಅಮ್ಮ ನನ್ನನ್ನು ನೋಡಿ, "ದಪ್ಪ ಆಗಿದ್ದೀರಿ!" ಎಂದು ಖುಷಿಪಟ್ಟರು. ನನಗೆ ಬೇಜಾರಾಯಿತು. ಅವರು ಹೊಗಳಿದ್ದು ಅಂತ ಆಮೇಲೆ ತಿಳಿಯಿತು.

1980ರ ದಶಕದಲ್ಲಿ ಏಡ್ಸ್ ಹಬ್ಬಿದಾಗ ಇಲ್ಲಿನ ಜನ ಅದನ್ನು 'ಸ್ಲಿಮ್' ಎಂದೇ ಕರೆದರು. ಮೈ ಇಳಿಯಿತು ಅಂದರೆ ಮನೆಯವರಿಗೆ ಭಯ. ನಮ್ಮ ಕಡೆ ಓದಿದವರು ಊಟ ಕಡಿಮೆ ಮಾಡುವುದನ್ನೇ ಆರೋಗ್ಯ ಅಂತಾರೆ. ಇಲ್ಲಿ ಹೊಟ್ಟೆ ತುಂಬುವುದೇ ಆರೋಗ್ಯ. ಇದನ್ನು ಅಜ್ಞಾನ ಅನ್ನಲು ನನಗೆ ಮನಸ್ಸಿಲ್ಲ.

ಲುಗಾಂಡ ಭಾಷೆಯಲ್ಲಿ 'ಎಮ್ಮೆರೆ' ಅಂದರೆ ಊಟ, ಅದರಲ್ಲೂ ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಮಟೋಕೆ ಬಾಳೆಕಾಯಿ. ಅದರ ಜೊತೆಗಿನ ಸಾರು, ಪಲ್ಯ 'ಎನ್ವಾ'. ಮುದ್ದೆ ಇಲ್ಲದಿದ್ದರೆ ಊಟವೇ ಅಲ್ಲ ಅನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಶ್ಚಿಮ ಉಗಾಂಡದಲ್ಲಂತೂ 'ಕಾಲೊ' ಅಂತ ರಾಗಿ ಮುದ್ದೆಯೇ ಇದೆ. ಮರಗೆಣಸಿನ ಹಿಟ್ಟನ್ನೂ ಬೆರೆಸುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು ತಾನೆ!

ನನಗೆ ಸಂಕಟವಾಗುವುದು ದೋದೊ ವಿಷಯದಲ್ಲಿ. ಅದು ನಮ್ಮ ದಂಟಿನ ಸೊಪ್ಪಿನ ಜಾತಿಯದು. ಹಿತ್ತಲಲ್ಲಿ ತಾನಾಗಿ ಬೆಳೆಯುತ್ತದೆ. ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು. ಆದರೆ ಬಡವರ ಊಟ ಅಂತ ನೆಂಟರ ಮುಂದೆ ಇಡುವುದಿಲ್ಲ. ವಿಕ್ಟೋರಿಯ ಸರೋವರದ ಪುಟ್ಟ ಮೀನು ಮುಕೆನೆಯ ಪಾಡೂ ಅದೇ. ಮುಳ್ಳಿನ ಸಮೇತ ತಿನ್ನುವ ಮೀನು, ಸುಣ್ಣದ ಅಂಶ ತುಂಬಾ ಇದೆ. ಅದರಲ್ಲಿ ದೊಡ್ಡ ಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ.

"ಕಾಳು ತಿನ್ನಿ" ಅಂತ ಹೇಳುವುದು ಸುಲಭ. ಒಣ ಬೀನ್ಸ್ ಬೇಯಲು ಗಂಟೆಗಟ್ಟಲೆ ಇದ್ದಿಲು ಉರಿಯಬೇಕು. ಆ ಇದ್ದಿಲಿಗೆ ದುಡ್ಡು ಯಾರು ಕೊಡ್ತಾರೆ? ದಿನಗೂಲಿಯವರು ರಸ್ತೆ ಬದಿಯ ಚಪಾತಿ ತಿಂದು ಮುಗಿಸುತ್ತಾರೆ.

ಒಂದು ಕೆಲಸ ಮಾತ್ರ ಚೆನ್ನಾಗಿ ನಡೆದಿದೆ. ಗೆಣಸು ಇಲ್ಲಿನ ಬಡವರ ದಿನದ ಊಟ. ಅದು ಹೆಚ್ಚಾಗಿ ಬಿಳಿ ಗೆಣಸು. ಅದರ ಜಾಗಕ್ಕೆ ವಿಟಮಿನ್ ಎ ಕೊಡುವ ಕಿತ್ತಳೆ ಬಣ್ಣದ ಗೆಣಸು ತಂದರು. ಅಡುಗೆ ಅದೇ, ಒಲೆ ಅದೇ. ಆ ತಳಿಗಳಿಗಾಗಿ ದುಡಿದ ಉಗಾಂಡದ ವಿಜ್ಞಾನಿ ರಾಬರ್ಟ್ ಮ್ವಾಂಗ 2016ರ ವಿಶ್ವ ಆಹಾರ ಪ್ರಶಸ್ತಿ ಪಡೆದ ನಾಲ್ವರಲ್ಲಿ ಒಬ್ಬರು. ಜನರ ತಟ್ಟೆಯನ್ನು ಮೊದಲು ಗೌರವಿಸಿ, ಆಮೇಲೆ ಬದಲಿಸಿದರು.

ಮೊನ್ನೆ ಪಕ್ಕದ ಮನೆಯ ಅಮ್ಮ ಊಟಕ್ಕೆ ಕರೆದರು. ದೋದೊನೇ ಮಾಡಿ ಅಂತ ಹಟ ಹಿಡಿದೆ. ಕಡಲೆಕಾಯಿ ಅರೆದು ಹಾಕಿ ಸೊಗಸಾಗಿ ಮಾಡಿದ್ದರು. ಪಕ್ಕದಲ್ಲಿ ಕೋಳಿ ಸಾರೂ ಇತ್ತು. ನೆಂಟರಿಗೆ ಬರೀ ಸೊಪ್ಪು ಬಡಿಸಲು ಅವರಿಗೆ ಕೈ ಬಂದಿರಲಿಲ್ಲ.