ಗೋಡೆಗೆ ಅಂಟಿಸಿದ ವಾರದ ಪಟ್ಟಿ, ಹೇಳದೆ ಹೋಗುವ ಹುಡುಗರು

ಹಾಸನದಲ್ಲಿ ಹೋಟೆಲ್ ನಡೆಸುವ ನನ್ನ ಚಿಕ್ಕಪ್ಪ ಈಚೆಗೆ ಫೋನ್ ಮಾಡಿದಾಗ, ಕ್ಷೇಮ ಸಮಾಚಾರಕ್ಕೂ ಮೊದಲು ಅವರ ಬಾಯಿಂದ ಬಂದದ್ದು, "ಮತ್ತೆ ಇಬ್ರು ಹೋಗ್ಬಿಟ್ರು ಕಣಪ್ಪ, ಹೇಳ್ದೆ ಕೇಳ್ದೆ" ಎಂಬ ಮಾತು. ಹೋದವರಲ್ಲಿ ಒಬ್ಬ ಸಪ್ಲೈಯರ್, ಇನ್ನೊಬ್ಬ ದೋಸೆ ಕಲ್ಲಿನ ಮುಂದೆ ನಿಲ್ಲುವವನು. ಭಾನುವಾರದ ಬೆಳಗಿಗೆ ಬೇಕಾದ ಹಿಟ್ಟನ್ನೆಲ್ಲ ರುಬ್ಬಿಟ್ಟು, ಶನಿವಾರ ರಾತ್ರಿ ಶಟರ್ ಎಳೆದ ಮೇಲೆ, ಇಬ್ಬರೂ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದರು. ಮಾರನೆಯ ದಿನ ಚಿಕ್ಕಪ್ಪನೇ ಪಂಚೆ ಎತ್ತಿ ಕಟ್ಟಿ ಕಲ್ಲಿನ ಮುಂದೆ ನಿಂತರಂತೆ. ಈಗಿನ ಹುಡುಗರಿಗೆ ನಿಯತ್ತಿಲ್ಲವೆಂಬ ಅವರ ದೂರನ್ನು ನಾನು ಎಂದಿನಂತೆ ಹೂಂಗುಟ್ಟುತ್ತ ಕೇಳುತ್ತಿದ್ದೆ. ಆದರೆ ಕೊನೆಯಲ್ಲಿ ಅವರು ಸೇರಿಸಿದ ಮಾತು ಮಾತ್ರ ಚುಚ್ಚಿತು. "ನಿಂಗೇನು ಬಿಡು, ಅಲ್ಲಿ ಎಲ್ಲಾ ಗಡಿಯಾರ ನೋಡ್ಕೊಂಡು ಕೆಲ್ಸ ಮಾಡೋರು. ಅದೇನು ಹೋಟ್ಲಾ, ಆಫೀಸಾ?"

ಇಂಗ್ಲೆಂಡಿನ ಲೆಸ್ಟರ್ ನಗರದ ಒಂದು ರೆಸ್ಟೋರೆಂಟಿನಲ್ಲಿ ಬಡಿಸುವವರ, ಪಾತ್ರೆ ತೊಳೆಯುವವರ ಮೇಲ್ವಿಚಾರಣೆ ನನ್ನ ಕೆಲಸ. ಹೌದು, ಇಲ್ಲಿ ಎಲ್ಲರೂ ಗಡಿಯಾರ ನೋಡಿಕೊಂಡೇ ಕೆಲಸ ಮಾಡುತ್ತಾರೆ, ನಾನೂ ಸೇರಿದಂತೆ. ಆದರೂ ನಾನು ಇಲ್ಲಿ ಸೇರಿದಾಗಿನಿಂದ ಯಾರೂ ರಾತ್ರಿ ಕತ್ತಲಲ್ಲಿ ಬ್ಯಾಗು ಹೊತ್ತು ಮಾಯವಾಗಿಲ್ಲ.

ಅಡುಗೆಮನೆಗೆ ಹೋಗುವ ಓಣಿಯಲ್ಲಿ, ಕೋಟುಗಳನ್ನು ನೇತುಹಾಕುವ ಗೂಟಗಳ ಪಕ್ಕದಲ್ಲಿ, ಒಂದು ಹಾಳೆ ಅಂಟಿಸಿರುತ್ತದೆ. ಇಲ್ಲಿಯವರು ಅದನ್ನು ರೋಟಾ ಎನ್ನುತ್ತಾರೆ. ಎಡಕ್ಕೆ ಹೆಸರುಗಳು, ಮೇಲೆ ಸೋಮವಾರದಿಂದ ಭಾನುವಾರದವರೆಗಿನ ದಿನಗಳು, ಮನೆಗಳೊಳಗೆ ಯಾರು ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೋಗಬೇಕೆಂಬುದು. ನಮ್ಮ ರೆಸ್ಟೋರೆಂಟಿನಲ್ಲಿ ಇದು ಎರಡು ವಾರ ಮುಂಚಿತವಾಗಿ ಗೋಡೆಗೇರುತ್ತದೆ. ನೋಡಲು ಸಣ್ಣ ಹಾಳೆ, ಆದರೆ ಬರೆಯಲು ಕೂತರೆ ತಲೆ ಕೆಡುತ್ತದೆ. ರಾತ್ರಿ ಹನ್ನೆರಡಕ್ಕೆ ಬಾಗಿಲು ಹಾಕಿ ಹೋದವನನ್ನು ಬೆಳಿಗ್ಗೆ ಒಂಬತ್ತಕ್ಕೆ ಕರೆಸುವಂತಿಲ್ಲ, ಏಕೆಂದರೆ ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆಗಳ ಬಿಡುವು ಇರಲೇಬೇಕೆಂದು ಇಲ್ಲಿನ 1998ರ ಕೆಲಸದ ವೇಳೆಯ ನಿಯಮಗಳು ಹೇಳುತ್ತವೆ. ಆರು ಗಂಟೆಗಿಂತ ಹೆಚ್ಚು ನಿಂತು ದುಡಿಯುವವನಿಗೆ ನಡುವೆ ಕನಿಷ್ಠ 20 ನಿಮಿಷ ಕೂರಲು ಬಿಡಬೇಕು. ವಿದ್ಯಾರ್ಥಿ ವೀಸಾದಲ್ಲಿ ಬಂದ ನಮ್ಮ ಕಡೆಯ ಹುಡುಗರಾದರೆ, ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರುವ ಹಾಗಿಲ್ಲ. ಅವರು ಬೇರೆ ಅಂಗಡಿಯಲ್ಲಿ ಮಾಡುವ ಗಂಟೆಗಳೂ ಅದೇ ಲೆಕ್ಕಕ್ಕೆ ಸೇರುವುದರಿಂದ, "ಅಣ್ಣಾ, ಇನ್ನೊಂದು ಶಿಫ್ಟ್ ಹಾಕಿ" ಎಂದು ಗೋಗರೆಯುವವನಿಗೆ ಆಗುವುದಿಲ್ಲವೆನ್ನುವುದೂ ನನ್ನ ಕೆಲಸವೇ. ಬೆಲ್‌ಗ್ರೇವ್ ರಸ್ತೆಯಲ್ಲಿ ದೀಪಾವಳಿಯ ಜನಜಾತ್ರೆ ನೆರೆಯುವ ಸಂಜೆಗಳಿಗೆ ಪಟ್ಟಿ ಬರೆಯುವಾಗ ಎಲ್ಲರಿಗೂ ಅದೇ ದಿನ ರಜೆ ಬೇಕಾಗಿರುತ್ತದೆ. ಹಾಗಾಗಿ ಹೋದ ವರ್ಷ ಯಾರಿಗೆ ಸಿಕ್ಕಿತ್ತೋ ಅವರನ್ನು ಈ ವರ್ಷ ಕೆಲಸಕ್ಕೆ ಹಾಕುತ್ತೇನೆ. ಗೊಣಗುತ್ತಾರೆ, ಆದರೂ ಬರುತ್ತಾರೆ.

ಪಟ್ಟಿ ಗೋಡೆಗೇರಿದ ಮೇಲೆ ಅವರವರ ಉಳಿದ ಹೊತ್ತು ಅವರವರದು. ಮುಂದಿನ ಗುರುವಾರ ತಾನು ಎಲ್ಲಿರುತ್ತೇನೆಂದು ಪಾತ್ರೆ ತೊಳೆಯುವವನಿಗೂ ಇವತ್ತೇ ಗೊತ್ತಿರುತ್ತದೆ. ಕೆಲಸ ಬಿಡುವುದಾದರೆ ಮುಂಚಿತವಾಗಿ ತಿಳಿಸುತ್ತಾನೆ, ಕಡೆಯ ದಿನದವರೆಗಿನ ಸಂಬಳವನ್ನೂ ಬಳಸದೆ ಉಳಿದ ರಜೆಯ ದುಡ್ಡನ್ನೂ ಪಡೆದುಕೊಂಡು ಎಲ್ಲರ ಕೈಕುಲುಕಿ ಹೋಗುತ್ತಾನೆ. ತಿಳಿಸಿದ್ದಕ್ಕೆ ಅವನು ಕಳೆದುಕೊಳ್ಳುವುದು ಏನೂ ಇಲ್ಲದಿರುವುದರಿಂದಲೇ ತಿಳಿಸುತ್ತಾನೆ.

ಇನ್ನು ನಮ್ಮ ಕಡೆಗೆ ಬರೋಣ. ಬೆಳಗಿನ ಜಾವ ನಾಲ್ಕೂವರೆಗೆ ಇಡ್ಲಿ ಪಾತ್ರೆಯ ಕೆಳಗೆ ಒಲೆ ಹೊತ್ತಿಸುವುದರಿಂದ ಹಿಡಿದು ರಾತ್ರಿ ಹತ್ತೂವರೆಗೆ ನೆಲಕ್ಕೆ ನೀರು ಹಾಕಿ ತೊಳೆಯುವವರೆಗೆ ಹೋಟೆಲ್ ಹುಡುಗನ ದಿನ. ಮಲಗುವುದು ಹೋಟೆಲಿನ ಮಹಡಿಯ ಮೇಲೆಯೇ, ಚಾಪೆ, ಟ್ರಂಕು, ಒಣಗಲು ಹಾಕಿದ ಬಟ್ಟೆಗಳ ನಡುವೆ. ಮಧ್ಯಾಹ್ನ ಊಟದ ಗಿರಾಕಿಗಳು ಹೋದ ಮೇಲೆ ಎರಡು ತಾಸು ಬಿಡುವು ಉಂಟೆಂದು ಯಜಮಾನರು ಹೇಳುತ್ತಾರೆ, ನಿಜ. ಆದರೆ ಆ ಹೊತ್ತಿಗೇ ಸಿಲಿಂಡರಿನವನು ಬರುತ್ತಾನೆ, ಈರುಳ್ಳಿ ಮೂಟೆ ಇಳಿಯುತ್ತದೆ, ಸಂಜೆಯ ಬೋಂಡಕ್ಕೆ ಆಲೂಗಡ್ಡೆ ಸುಲಿಯಬೇಕಾಗುತ್ತದೆ, ಮತ್ತು ಮೇಲೆ ಮಲಗಿದವನ ಹೆಸರು ಕೆಳಗಿನಿಂದ ಕೇಳಿಬರುತ್ತದೆ. ಊರಿನ ಜಾತ್ರೆಗೆ ಹೋಗಬೇಕೆಂದು ಕೇಳಿದರೆ, "ಇನ್ನೊಬ್ಬ ಬರ್ಲಿ, ಆಮೇಲೆ ಹೋಗೋವಂತೆ" ಎಂಬ ಉತ್ತರ ಸಿದ್ಧ. ಆ ಇನ್ನೊಬ್ಬ ಬರುವುದೇ ಇಲ್ಲ. ಇದರ ಮೇಲೆ, ಓಡಿಹೋಗದಿರಲಿ ಎಂದು ಒಂದು ತಿಂಗಳ ಸಂಬಳ ಹಿಡಿದಿಟ್ಟುಕೊಳ್ಳುವ ವಾಡಿಕೆ ಬೇರೆ. ಕೆಲಸ ಬಿಡುತ್ತೇನೆಂದು ಬಾಯಿ ಬಿಟ್ಟು ಹೇಳಿದವನಿಗೆ ಆ ದುಡ್ಡು ಕೈತಪ್ಪುವುದರ ಜೊತೆಗೆ ಬೈಗುಳವೂ ತಪ್ಪಿದ್ದಲ್ಲವಾದ್ದರಿಂದ, ಸಂಬಳ ಕೈಗೆ ಬಂದ ರಾತ್ರಿಯೇ ಹೊರಟುಬಿಡುವುದು ಅವನ ದೃಷ್ಟಿಯಲ್ಲಿ ಲೆಕ್ಕಾಚಾರದ ಮಾತು. ಚಿಕ್ಕಪ್ಪ ಅದನ್ನು ನಿಯತ್ತಿನ ಪ್ರಶ್ನೆ ಮಾಡಿಕೊಂಡು ಕೊರಗುತ್ತಾರೆ.

ಕಾನೂನು ನಮ್ಮಲ್ಲೂ ಇದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ಪೂರ್ತಿ ರಜೆ ಎಂದೇ ಬರೆದಿದೆ, ಅದೂ ಇಂಗ್ಲೆಂಡಿನ ಈ ನಿಯಮಗಳಿಗಿಂತ ಎಷ್ಟೋ ಮೊದಲು. ಗಲ್ಲಾದ ಹಿಂದೆ, ಊದಿನಕಡ್ಡಿಯ ಹೊಗೆ ಹಿಡಿದ ದೇವರ ಪಟಗಳ ನಡುವೆ, ಪರವಾನಗಿಗಳನ್ನೂ ಕಟ್ಟು ಹಾಕಿಸಿ ತೂಗುಹಾಕಿರುತ್ತಾರೆ. ಯಾವ ಹುಡುಗನಿಗೆ ಯಾವ ವಾರ ರಜೆ ಎಂದು ಬರೆದ ಹಾಳೆಯೊಂದನ್ನು ನಾನು ಯಾವ ಗೋಡೆಯ ಮೇಲೂ ಕಂಡಿಲ್ಲ.

ಇದಕ್ಕೆ ಕಾರಣ ಜಿಪುಣತನವೊಂದೇ ಎಂದು ನನಗೆ ಅನ್ನಿಸುವುದಿಲ್ಲ. ನಮ್ಮಲ್ಲಿ ಮೇಲ್ವಿಚಾರಣೆಯೆಂದರೆ ಕಣ್ಣಿಡುವುದು. ಗಲ್ಲಾದ ಮೇಲೆ ಕೂತವರ ದೃಷ್ಟಿ ಸಾಂಬಾರ್ ಬಕೆಟ್ಟಿನಿಂದ ಕೈ ತೊಳೆಯುವ ತೊಟ್ಟಿಯವರೆಗೂ ಹರಿಯಬೇಕು, ಮತ್ತು ಏನಾದರೂ ತಪ್ಪು ಕಂಡರೆ ಅಲ್ಲಿಂದಲೇ, ಹತ್ತು ಟೇಬಲ್ ದಾಟಿ, ಎಲ್ಲ ಗಿರಾಕಿಗಳಿಗೂ ಕೇಳುವಂತೆ ಕೂಗಬೇಕು. ಹೀಗೆ ಕಣ್ಣಿನಿಂದಲೇ ನಡೆಯುವ ಹೋಟೆಲಿನಲ್ಲಿ ಹುಡುಗನಿಗೆ ರಜೆಯಿಲ್ಲದಂತೆ ಯಜಮಾನನಿಗೂ ರಜೆಯಿಲ್ಲ. ನಮ್ಮ ಮನೆಯ ಮದುವೆಗಳಲ್ಲಿ ಚಿಕ್ಕಪ್ಪ ಧಾರೆಯ ಹೊತ್ತಿಗೆ ಬಂದು, ಅಕ್ಷತೆ ಹಾಕಿ, ಊಟಕ್ಕೂ ನಿಲ್ಲದೆ ಓಡುವುದನ್ನು ನೋಡಿಯೇ ನಾನು ದೊಡ್ಡವನಾದದ್ದು. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಶುರುವಾದ ದರ್ಶಿನಿಗಳು ಮೊದಲು ದುಡ್ಡು ಕೊಟ್ಟು ಚೀಟಿ ಪಡೆಯುವ ಕ್ರಮ ತಂದು, ಸಪ್ಲೈಯರ್ ಬಿಲ್ಲಿನಲ್ಲಿ ಮೋಸ ಮಾಡಿಯಾನೆಂಬ ಭಯವನ್ನೇ ಇಲ್ಲದಂತೆ ಮಾಡಿದವು. ದುಡ್ಡಿನ ವಿಷಯದಲ್ಲಿ ಇಷ್ಟು ಜಾಣತನದಿಂದ ಕಾಗದವನ್ನು ನಂಬಿದ ನಮ್ಮವರು, ಆಳುಗಳ ಹೊತ್ತಿನ ವಿಷಯದಲ್ಲಿ ಮಾತ್ರ ಏಕೆ ಹಿಂದುಳಿದರೋ ತಿಳಿಯದು.

ಇಲ್ಲಿ ಎಲ್ಲವೂ ಕಾಗದ. ಫ್ರಿಜ್ಜಿನ ತಾಪಮಾನ ಬರೆಯಬೇಕು, ಯಾವ ತಿನಿಸಿನಲ್ಲಿ 14 ಬಗೆಯ ಅಲರ್ಜಿಕಾರಕಗಳಲ್ಲಿ ಯಾವುದಿದೆಯೆಂದು ಬರೆಯಬೇಕು, 2024ರ ಅಕ್ಟೋಬರ್‌ನಿಂದೀಚೆಗೆ ಗಿರಾಕಿಗಳು ಕೊಟ್ಟ ಟಿಪ್ಸ್ ಕೆಲಸಗಾರರಿಗೆ ಪೂರ್ತಿಯಾಗಿ ಹೇಗೆ ಹಂಚಿಕೆಯಾಯಿತೆಂಬುದನ್ನೂ ಬರೆದಿಡಬೇಕು. ಬರೆದೂ ಬರೆದೂ ಬೇಸರ ಬರುತ್ತದೆ, ಆದರೆ ಮಾಲೀಕರು ಎರಡು ವಾರ ಸ್ಪೇನಿಗೆ ಹೋಗಿ ಬಂದರೂ ಹೋಟೆಲ್ ಎಂದಿನಂತೆ ನಡೆದಿರುತ್ತದೆ.

ಇಷ್ಟು ಹೇಳಿದ ಮೇಲೆ, ಹೇಳಲು ಮನಸ್ಸಿಲ್ಲದಿದ್ದರೂ, ಹೇಳಬೇಕಾದದ್ದು ಸ್ವಲ್ಪ ಉಳಿಯುತ್ತದೆ. ಇದೇ ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ಜನವರಿ ತಿಂಗಳಲ್ಲಿ ಮನೆಗಳು ಖಾಲಿ ಇರುತ್ತವೆ. ಇಂತಿಷ್ಟು ಗಂಟೆ ಕೆಲಸ ಕೊಡುತ್ತೇವೆಂಬ ಭರವಸೆಯೇ ಇಲ್ಲದ ಕರಾರು ಅವರದು. ಕ್ರಿಸ್ಮಸ್ ಮುಗಿದು ಗಿರಾಕಿಗಳು ಕಡಿಮೆಯಾದಾಗ ಅವರ ಗಂಟೆಗಳೂ ಕರಗುತ್ತವೆ, ಬಾಡಿಗೆ ಕರಗುವುದಿಲ್ಲ. ಹಾಗೆ ಖಾಲಿ ಬಿಟ್ಟು ಬರೆಯುವವನೂ ನಾನೇ. ಆಗ ಅವರು ಏನು ತಿನ್ನುತ್ತಾರೆಂದು ಕೇಳುವುದು ಯಾರ ಕೆಲಸವೂ ಅಲ್ಲ. ಅತ್ತ, ಹಾಸನದ ಹೋಟೆಲಿನಲ್ಲಿ ಗಿರಾಕಿ ಇರಲಿ ಬಿಡಲಿ ಹುಡುಗರಿಗೆ ಮೂರು ಹೊತ್ತಿನ ಊಟ ತಪ್ಪಿದ್ದಿಲ್ಲ. ಅಡುಗೆ ಭಟ್ಟರ ಕಾಲಿನ ಮೇಲೆ ಎಣ್ಣೆ ಚೆಲ್ಲಿದಾಗ ಆಸ್ಪತ್ರೆಯ ಖರ್ಚನ್ನು ಚಿಕ್ಕಪ್ಪನೇ ಕೊಟ್ಟರು, ಆ ಭಟ್ಟರ ಮಗಳ ಮದುವೆಗೆ ಕೊಟ್ಟ ಅಡ್ವಾನ್ಸನ್ನು ಲೆಕ್ಕದ ಪುಸ್ತಕದಿಂದ ತಾವೇ ಹೊಡೆದುಹಾಕಿದರು. ಮುಂಬಯಿಯಲ್ಲಿ ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಓದಿದ ಕರಾವಳಿಯ ಹುಡುಗರೆಷ್ಟೋ ಮಂದಿ ಮುಂದೆ ತಾವೇ ಹೋಟೆಲಿನ ಧಣಿಗಳಾದರು. ಹುಡುಗರನ್ನು ಶಾಲೆಯ ಹೊತ್ತಿಗೆ ಬಿಟ್ಟುಕೊಟ್ಟ ಯಜಮಾನರು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ನನ್ನ ಕೈಕೆಳಗೆ ಪಾತ್ರೆ ತೊಳೆಯುವವನ ಊರು ಯಾವುದೆಂದು ಕೇಳಿದರೆ ನಾನು ಕಡತ ತೆಗೆದು ನೋಡಬೇಕು.

ಹಾಗೆಂದು ಊಟ, ಚಾಪೆ, ಅಡ್ವಾನ್ಸುಗಳು ರಜೆಗೆ ಬದಲಾಗಲಾರವು. ಉಪಕಾರ ಯಜಮಾನರ ಮನಸ್ಸು ಬಂದಾಗ ಸಿಗುತ್ತದೆ, ಹುಡುಗನಿಗೆ ಬೇಕಾದದ್ದು ಬರುವ ಮಂಗಳವಾರ ತಾನು ಊರಿಗೆ ಹೋಗಬಹುದೇ ಎಂಬ ಪ್ರಶ್ನೆಗೆ ಖಚಿತ ಉತ್ತರ. ಚಿಕ್ಕಪ್ಪನ ಹೋಟೆಲಿನಲ್ಲಿ ಮಂಗಳವಾರ, ಬುಧವಾರ ಅರ್ಧ ಟೇಬಲುಗಳು ಖಾಲಿಯೇ ಇರುತ್ತವೆ. ಆ ಎರಡು ದಿನಗಳಲ್ಲಿ ಸರದಿಯ ಮೇಲೆ ಒಬ್ಬೊಬ್ಬರಿಗೆ ರಜೆ ಹಾಕಿ, ಹಿಡಿದಿಟ್ಟ ಸಂಬಳ ಕೊಟ್ಟುಬಿಟ್ಟು, ಕೆಲಸ ಬಿಡುವವರು ಹದಿನೈದು ದಿನ ಮೊದಲು ತಿಳಿಸಿದರೆ ಪೂರ್ತಿ ದುಡ್ಡು ಸಿಗುತ್ತದೆಂದು ಬಾಯಿಬಿಟ್ಟು ಹೇಳಿದರೆ ಸಾಕು ಎಂದು ಫೋನಿನಲ್ಲಿ ಅವರಿಗೆ ವಿವರಿಸಿದೆ. "ಬರ್ದು ಕಳ್ಸು, ನೋಡಣ" ಎಂದರು. ಬರೆದು ವಾಟ್ಸಾಪಿನಲ್ಲಿ ಕಳಿಸಿದ್ದೇನೆ, ಹುಡುಗರಲ್ಲಿ ಹೆಚ್ಚಿನವರು ಈಗ ಅಸ್ಸಾಮಿನವರಾದ್ದರಿಂದ ಹಿಂದಿಯಲ್ಲೂ ಒಂದು ಪ್ರತಿ ಮಾಡಿಸಿ.