ಏಳು ವರ್ಷಕ್ಕೊಂದು ಕನ್ಸೋಲ್ ಸಾಕು, ನಡುವೆ ‘ಪ್ರೊ’ ಬೇಡ

ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳನ್ನೂ ಮೊಬೈಲ್ ಫೋನ್ ತರ ಎರಡು ಮೂರು ವರ್ಷಕ್ಕೊಮ್ಮೆ ಹೊಸದು ಮಾಡುತ್ತಿರಬೇಕು ಎಂದು ಕೆಲವರು ವಾದಿಸುತ್ತಾರೆ. ನನಗಿದು ಸುತಾರಾಂ ಒಪ್ಪಿಗೆಯಿಲ್ಲ. ಒಂದು ಕನ್ಸೋಲ್ ಕನಿಷ್ಠ ಏಳು ವರ್ಷ ಬಾಳಬೇಕು.

ಕನ್ಸೋಲ್ ಕೊಳ್ಳುವವರಿಗೆ ಒಂದು ನೆಮ್ಮದಿ ಇರುತ್ತದೆ. ಅದಕ್ಕೆಂದೇ ಬಂದ ಡಿಸ್ಕ್ ಹಾಕಿದರೆ ಓಡುತ್ತದೆ, ಅಷ್ಟೆ. ಗ್ರಾಫಿಕ್ಸ್ ಕಾರ್ಡ್ ಯಾವುದು, ಮೆಮೊರಿ ಸಾಕಾ ಎಂಬ ಚಿಂತೆಯಿಲ್ಲ. ಗೇಮ್ ಮಾಡುವವರಿಗಂತೂ ಇದು ಇನ್ನೂ ದೊಡ್ಡ ವರ. ಎದುರಿಗೆ ಒಂದೇ ಯಂತ್ರ, ಅದರ ಒಳಗುಟ್ಟು ತಿಳಿಯಲು ಬೇಕಾದಷ್ಟು ಸಮಯ.

ಸೋನಿಯ ಪ್ಲೇಸ್ಟೇಷನ್ 3 ನೋಡಿ. 2006ರಲ್ಲಿ ಬಂದಾಗ ಅದರ ಸೆಲ್ ಪ್ರೊಸೆಸರ್ ಡೆವಲಪರ್‌ಗಳಿಗೆ ದೊಡ್ಡ ತಲೆನೋವಾಗಿತ್ತು. ಮೆಮೊರಿಯೂ ಕಮ್ಮಿ: ಪ್ರೊಸೆಸರ್‌ಗೆ 256 ಎಂಬಿ, ಗ್ರಾಫಿಕ್ಸ್‌ಗೆ 256 ಎಂಬಿ. ನಾಟಿ ಡಾಗ್ ತಂಡ 2007ರಲ್ಲಿ ಇದಕ್ಕೆ ಮೊದಲ ‘ಅನ್‌ಚಾರ್ಟೆಡ್’ ಮಾಡಿತು, 2013ರಲ್ಲಿ ‘ದಿ ಲಾಸ್ಟ್ ಆಫ್ ಅಸ್’ ಮಾಡಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮುಖದ ಭಾವ, ಕಿಟಕಿಯಿಂದ ಬೀಳುವ ಬೆಳಕು ಎಲ್ಲದರಲ್ಲೂ ಅಜಗಜಾಂತರ. ಯಂತ್ರ ಮಾತ್ರ ಅದೇ. ಮೂರೇ ವರ್ಷಕ್ಕೆ ಹೊಸ ಕನ್ಸೋಲ್ ಬಂದಿದ್ದರೆ ಆ ಎರಡನೇ ಗೇಮ್ ಈ ಯಂತ್ರದಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಅವಸರದಿಂದ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಸೆಗಾ ಕಂಪನಿಯ ಉದಾಹರಣೆ ಇದೆ. ತನ್ನ ಹಳೆಯ ಮೆಗಾ ಡ್ರೈವ್ ಕನ್ಸೋಲ್‌ಗೆ ಜೋಡಿಸಿ ಶಕ್ತಿ ಹೆಚ್ಚಿಸುವ 32ಎಕ್ಸ್ ಎಂಬ ಉಪಕರಣ ಅಮೆರಿಕದಲ್ಲಿ ಬಿಡುಗಡೆಯಾಗಿದ್ದು 1994ರ ನವೆಂಬರ್‌ನಲ್ಲಿ. ಅದೇ ತಿಂಗಳು ಜಪಾನಿನಲ್ಲಿ ಸ್ಯಾಟರ್ನ್ ಎಂಬ ಹೊಸ ಕನ್ಸೋಲೇ ಬಂತು. 32ಎಕ್ಸ್ ಕೊಂಡವರ ಗತಿ? ಅದಕ್ಕೆ ಗೇಮ್‌ಗಳೇ ಸರಿಯಾಗಿ ಬರಲಿಲ್ಲ. ಸೆಗಾ 2001ರಲ್ಲಿ ಕನ್ಸೋಲ್ ವ್ಯಾಪಾರವನ್ನೇ ಬಿಟ್ಟಿತು. ಕಾರಣಗಳು ಬೇರೆಯೂ ಇದ್ದವು, ಆದರೆ ಜನರ ನಂಬಿಕೆ ಕಳೆದುಕೊಂಡಿದ್ದು ಸಣ್ಣದಲ್ಲ.

ಇನ್ನು ‘ಪ್ರೊ’ ವಿಷಯ, ಅಂದರೆ ಒಂದೇ ತಲೆಮಾರಿನ ನಡುವೆ ಬರುವ ಹೆಚ್ಚು ಶಕ್ತಿಯ ಮಾದರಿ. ಪಿಎಸ್4 (ಪ್ಲೇಸ್ಟೇಷನ್ 4) ಪ್ರೊ 2016ರಲ್ಲಿ ಬಂತು, ಮೂಲ ಯಂತ್ರ ಬಂದು ಬರೀ ಮೂರು ವರ್ಷಕ್ಕೆ. ಅದಕ್ಕೆ ಬರುವ ಪ್ರತಿ ಗೇಮ್ ಹಳೆಯ ಪಿಎಸ್4ನಲ್ಲೂ ಓಡಲೇಬೇಕಿತ್ತು. ಹಾಗಾಗಿ ಹೆಚ್ಚಿನ ಶಕ್ತಿಯೆಲ್ಲ ಚಿತ್ರ ಇನ್ನಷ್ಟು ಸ್ಪಷ್ಟವಾಗಲು, ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಸ್ವಲ್ಪ ಏರಲು ಖರ್ಚಾಯಿತು. ಹೊಸ ಬಗೆಯ ಆಟ ಒಂದೂ ಅದರಿಂದ ಬರಲಿಲ್ಲ. ಡೆವಲಪರ್‌ಗಳಿಗೆ ಪರೀಕ್ಷೆ ಮಾಡುವ ಕೆಲಸ ಮಾತ್ರ ಜಾಸ್ತಿಯಾಯಿತು.

ಹಾಗಂತ ಕನ್ಸೋಲ್ ಬದಲಾಗಲೇಬಾರದು ಎನ್ನುತ್ತಿಲ್ಲ. ಆಟದ ವಿನ್ಯಾಸವನ್ನೇ ಯಂತ್ರ ಕಟ್ಟಿಹಾಕುವ ದಿನ ಬಂದೇ ಬರುತ್ತದೆ. ಪಿಎಸ್4ರ ತಿರುಗುವ ಹಾರ್ಡ್ ಡಿಸ್ಕ್ ಹಾಗೇ ಆಗಿತ್ತು. 2018ರ ‘ಸ್ಪೈಡರ್‌ಮ್ಯಾನ್’ನಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಹಾರುತ್ತಾ ಹೋಗುವಾಗ ಡಿಸ್ಕ್‌ನ ಮೂಲೆಮೂಲೆಯಿಂದ ಡೇಟಾ ಹುಡುಕಿ ತರುವಷ್ಟು ಪುರುಸೊತ್ತು ಇರುವುದಿಲ್ಲ. ಅದಕ್ಕೇ ಅಂಚೆ ಡಬ್ಬಿಯಂಥ ಸಾಮಾನುಗಳ ಡೇಟಾವನ್ನು ಡಿಸ್ಕ್ ತುಂಬ ಮತ್ತೆ ಮತ್ತೆ ಬರೆದಿಟ್ಟಿದ್ದರು. ಕೆಲವು 400 ಸಲ ಎಂದು ಪಿಎಸ್5ರ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ 2020ರಲ್ಲಿ ಹೇಳಿದ್ದರು. ಬೇರೆ ಎಷ್ಟೋ ಗೇಮ್‌ಗಳಲ್ಲಿ ನಾಯಕ ಇಕ್ಕಟ್ಟಿನ ಸಂದಿಯಲ್ಲಿ ನಿಧಾನವಾಗಿ ತೂರಿಕೊಂಡು ಹೋಗುತ್ತಾನಲ್ವಾ? ಮುಂದಿನ ಜಾಗ ಲೋಡ್ ಆಗಲಿ ಎಂದೇ ಆ ಉಪಾಯ. ಪಿಎಸ್5ರ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ ಡ್ರೈವ್, ಸೆಕೆಂಡಿಗೆ 5.5 ಜಿಬಿ ಓದುತ್ತದೆ; ಇಂಥ ಉಪಾಯಗಳ ಅಗತ್ಯ ಕಮ್ಮಿಯಾಗುತ್ತದೆ. ಹೊಸ ಕನ್ಸೋಲ್‌ಗೆ ಇಂಥ ಕಾರಣ ಬೇಕು.

ತಡವಾದರೂ ಕಷ್ಟವೇ. 2020ರ ಡಿಸೆಂಬರ್‌ನಲ್ಲಿ ಬಂದ ‘ಸೈಬರ್‌ಪಂಕ್ 2077’ ಗೇಮ್ 2013ರ ಪಿಎಸ್4ನಂಥ ಯಂತ್ರಗಳಲ್ಲಿ ಎಷ್ಟು ಹದಗೆಟ್ಟಿತ್ತೆಂದರೆ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು. ಏಳು ವರ್ಷ ಎಂದು ನಾನು ಹೇಳುತ್ತಿರುವುದು ಸುಮ್ನೆ ಅಲ್ಲ.

ನಡುವೆ ಸಣ್ಣಗೆ, ತಣ್ಣಗೆ, ಕಡಿಮೆ ಕರೆಂಟಿನಲ್ಲಿ ನಡೆಯುವ ಸ್ಲಿಮ್ ಮಾದರಿ ಬರಲಿ. ಅದರಿಂದ ಯಾರ ಯಂತ್ರವೂ ಹಳತಾಗುವುದಿಲ್ಲ. ಹೊಸ ತಲೆಮಾರು ಬಂದಾಗ ಮಾತ್ರ ಹಿಂದಿನ ಡಿಸ್ಕ್‌ಗಳೆಲ್ಲ ಅದರಲ್ಲಿ ಓಡಲೇಬೇಕು. 2024ರ ಪಿಎಸ್5 ಪ್ರೊನಲ್ಲಿ ಡಿಸ್ಕ್ ಡ್ರೈವನ್ನೇ ಬಿಟ್ಟು, ಬೇಕಿದ್ದವರು ಬೇರೆ ಕೊಳ್ಳಿ ಎಂದಿದ್ದು ನನಗೆ ಒಂಚೂರೂ ಹಿಡಿಸಲಿಲ್ಲ.